ಹತ್ತು ಸಾವಿರ ಹೆಜ್ಜೆ

ತಿಂಗಳಿಡೀ ಒಂದು ದಿನವೂ ತಪ್ಪದೆ ಹತ್ತು ಸಾವಿರ ಹೆಜ್ಜೆ ನಡೆದವರು ಆ ಅಪಾರ್ಟ್‌ಮೆಂಟಿನಲ್ಲಿ ಚಂದ್ರಮೌಳಿಯವರೊಬ್ಬರೇ, ಅದೂ ಮನೆಯೊಳಗೇ. ಅವರ ಕೈಗಡಿಯಾರ ಎಣಿಸಿದ ಹೆಜ್ಜೆಗಳ ಚಿತ್ರ ದಿನಾ ಸಂಜೆ ವಾಟ್ಸಾಪ್ ಗ್ರೂಪಿಗೆ ಬರುತ್ತಿತ್ತು. ಇಂಥ ಶಿಸ್ತಿನ ಮನುಷ್ಯರೇ ಸಂಘಕ್ಕೆ ಅಧ್ಯಕ್ಷರಾಗಬೇಕೆಂದು ಕೇಳಿಕೊಳ್ಳಲು ಕೆಳಮನೆಯ ಮೇಷ್ಟ್ರು ಬಂದಿದ್ದರು.

ಚಂದ್ರಮೌಳಿ ಸೋಫಾದಲ್ಲಿ ಕಾಲು ಚಾಚಿ ಟೀವಿ ನೋಡುತ್ತಿದ್ದರು. ಮಂತ್ರಿಯೊಬ್ಬ ಹೊಸ ಸೇತುವೆಯ ಟೇಪು ಕತ್ತರಿಸುತ್ತಿದ್ದ.

"ನೋಡಿ ಮೇಷ್ಟ್ರೇ, ನಾಚಿಕೆ ಅನ್ನೋದು ಇದೆಯಾ ಈ ಮುಖಕ್ಕೆ? ಕಲ್ಲು ಮಣ್ಣು ಹೊತ್ತೋರು ಯಾರೋ, ಹಾರ ಹಾಕಿಸ್ಕೊಳ್ಳೋನು ಇವನು! ಇಂಥೋರಿಗೆ ಓಟು ಹಾಕೋ ಜನಕ್ಕಾದ್ರೂ ಬುದ್ಧಿ ಬೇಡ್ವಾ?"

"ಅದಕ್ಕೇ ಸಾರ್, ನಿಮ್ಮಂಥೋರು ಮುಂದೆ ಬರಬೇಕು ಅನ್ನೋದು. ನಿಮ್ಮನ್ನ ನೋಡಿ ನಾನೂ ಶುರು ಮಾಡ್ದೆ. ಮೂರು ಸಾವಿರಕ್ಕೇ ಮಂಡಿ ಹಿಡ್ಕೊಳ್ತು."

"ಸೋಮಾರಿತನ ರೀ, ಇನ್ನೇನಲ್ಲ," ಎಂದು ಚಂದ್ರಮೌಳಿ ಮೂಗು ಮುರಿದರು. "ಅಭ್ಯಾಸ ಮೈಗೂಡ್ಬೇಕು."

"ಇವತ್ತು ಎಷ್ಟಾಯ್ತು ಸಾರ್?"

ಮೇಷ್ಟ್ರ ಕಣ್ಣು ತಮ್ಮ ಬರಿ ಮಣಿಕಟ್ಟಿನ ಮೇಲೆ ಬಿದ್ದದ್ದನ್ನು ಕಂಡು ಚಂದ್ರಮೌಳಿ ಕೈಯನ್ನು ದಿಂಬಿನಡಿಗೆ ಸರಿಸಿದರು. "ನಡೀತಾ ಇದೆ."

ಅಷ್ಟರಲ್ಲಿ ಮನೆಗೆಲಸದ ಪುಟ್ಟತಾಯಿ ಬಾಗಿಲು ತಳ್ಳಿಕೊಂಡು ಬಂದಳು. ಸೆರಗಿಗೆ ಕೈ ಒರೆಸಿಕೊಂಡು, ತನ್ನ ಮಣಿಕಟ್ಟಿನ ಗಡಿಯಾರವನ್ನು ಚಂದ್ರಮೌಳಿಯವರ ಮುಂದೆ ಹಿಡಿದಳು.

"ನಾಕು ಮನೆ ಕೆಲಸಕ್ಕೆ ಎಂಟು ಸಾವಿರ ಆಗೈತೆ ಸಾರ್. ಇನ್ನೆರಡು ಸಾವಿರ ಈ ಮೇಷ್ಟ್ರ ಮನೇಲೇ ಆಗೋಯ್ತದೆ."