ಸುಮ್ಮನಿದ್ದರೂ ಸಾವಿರದ ಐನೂರು

"ನಿಜ ಹೇಳಿಬಿಡಿ, ನಿಮ್ಮ ಊಟ ಯಾರಿಗೆ ಕೊಡ್ತಿದ್ದೀರಿ?"

ಆಸ್ಪತ್ರೆಯ ಆಹಾರ ತಜ್ಞೆ ರೋಗಿಯೊಬ್ಬನನ್ನು ಹೀಗೆ ಮುಖಕ್ಕೇ ಕೇಳಿದ್ದು ಅದೇ ಮೊದಲು. ಎದುರಿಗಿದ್ದ ಕ್ರೇನ್ ಆಪರೇಟರ್ ಹೆಂಡತಿಯ ಮುಖ ನೋಡಿದ. ಹೆಂಡತಿ ತಜ್ಞೆಯ ಮುಖ ನೋಡಿದಳು. ತಜ್ಞೆ ತೂಕದ ಯಂತ್ರದ ಮುಖ ನೋಡಿದಳು. ಅದು ಎಪ್ಪತ್ನಾಲ್ಕು ಕಿಲೋ ಎನ್ನುತ್ತಿತ್ತು. ಹತ್ತು ವಾರದ ಹಿಂದೆ ಎಂಬತ್ನಾಲ್ಕು ಎಂದಿತ್ತು.

ಅವನು ಬಂದದ್ದು ತೂಕ ಇಳಿಸಲಿಕ್ಕಲ್ಲ. ರಕ್ತದಲ್ಲಿ ಸಕ್ಕರೆ ತುಸು ಏರಿತ್ತು, ಊಟಕ್ಕೊಂದು ಶಿಸ್ತು ಬೇಕಿತ್ತು, ಅಷ್ಟೆ. ಈಗ ನೋಡಿದರೆ ಕ್ರೇನಿನ ಏಣಿ ಇಳಿಯುವಾಗ ತಲೆ ಸುತ್ತುತ್ತದೆ. ಇನ್ನು ಮೂರು ವಾರಕ್ಕೆ ಕಂಪನಿಯ ವೈದ್ಯರ ತಪಾಸಣೆ. ತಲೆಸುತ್ತು ಅವರ ಕಣ್ಣಿಗೆ ಬಿದ್ದರೆ, ಇಪ್ಪತ್ತು ವರ್ಷ ಆಕಾಶದಲ್ಲಿ ಕೂತವನು ಖಾಯಂ ನೆಲಕ್ಕಿಳಿಯಬೇಕು. ಕಟ್ಟಡದ ಕೆಲಸದವರು ಅವನನ್ನು 'ಮೇಲಿನವನು' ಎಂದೇ ಕರೆಯುತ್ತಿದ್ದರು. ಮೇಲಿನವನೇ ಕೆಳಗೆ ಬಂದರೆ ಮೊರೆಯಿಡುವುದು ಯಾರಿಗೆ?

ತಜ್ಞೆ ಲೆಕ್ಕದಲ್ಲಿ ಹಿಂದೆ ಬಿದ್ದವಳಲ್ಲ. ಮನುಷ್ಯ ಕೈಕಾಲು ಆಡಿಸದೆ ಬಿದ್ದುಕೊಂಡರೂ ಹೃದಯ, ಮೆದುಳು, ಶ್ವಾಸಕೋಶ ರಜೆ ಹಾಕುವುದಿಲ್ಲ. ಅವು ದಿನಕ್ಕೆ ಸುಡುವ ಕ್ಯಾಲೊರಿಯನ್ನು ತೂಕ, ಎತ್ತರ, ವಯಸ್ಸು ನೋಡಿ ಅಂದಾಜು ಮಾಡಬಹುದು. ಮೊದಲ ದಿನ ಇವನದು ಸಾವಿರದ ಏಳುನೂರರ ಹತ್ತಿರ ಬಂದಿತ್ತು. ಏಣಿ, ಓಡಾಟ ಸೇರಿಸಿ ಎರಡು ಸಾವಿರದ ನೂರು. ಅದಕ್ಕೆ ತಕ್ಕಂತೆ ಯಾವ ಹೊತ್ತಿಗೆ ಎಷ್ಟು ಗ್ರಾಂ ಎಂದು ಬರೆದುಕೊಟ್ಟಳು. ತೂಕ ಇಳಿಯಿತು. ಊಟ ಏರಿಸಿದಳು. ತೂಕ ಮತ್ತೂ ಇಳಿಯಿತು.

ಥೈರಾಯ್ಡ್ ನೋಡಿಸಿದ್ದಾಯಿತು, ಹೊಟ್ಟೆ ಸ್ಕ್ಯಾನ್ ಮಾಡಿಸಿದ್ದಾಯಿತು. ಎಲ್ಲ ಸರಿಯಿತ್ತು, ಅದೇ ಅವಳ ಸಂಕಟ. ಮೈಯೇ ಜಾಸ್ತಿ ಸುಡುತ್ತಿರಬೇಕೆಂದು, ಅವನನ್ನು ಮಲಗಿಸಿ, ಮುಖದ ಮೇಲೆ ಗಾಜಿನಂಥ ಗುಮ್ಮಟ ಕವಿಚಿ, ಅರ್ಧ ಗಂಟೆ ಉಸಿರು ಅಳೆದು, ಮೈ ಸುಡುವ ಕ್ಯಾಲೊರಿಯ ಲೆಕ್ಕ ತೆಗೆದಳು. ಸಾವಿರದ ಐನೂರು. ಇಳಿದ ತೂಕಕ್ಕೆ ಬರಬೇಕಾದ ಅಂದಾಜಿಗಿಂತಲೂ ಕಡಿಮೆ. ಎರಡನೇ ಸಲವೂ ಅಷ್ಟೇ. ಮೈ ಜುಗ್ಗತನ ಕಲಿತಿತ್ತು.

ದೊಡ್ಡ ಡಾಕ್ಟರು ವರದಿ ನೋಡಿ ಮೂಗಿನಲ್ಲೇ ನಕ್ಕಿದ್ದರು. ಅವರ ಮಾತನ್ನು ಅವಳು ಮನೆಯ ಕನ್ನಡಿಯೆದುರು ಅದೇ ಮೂಗಿನಲ್ಲಿ ಎಷ್ಟು ಸಲ ಹೇಳಿ ನೋಡಿದರೂ ಉರಿ ಇಳಿದಿರಲಿಲ್ಲ: "ಸುಡೋದು ಕಮ್ಮಿ, ತಿನ್ನೋದು ಜಾಸ್ತಿ, ಆದ್ರೂ ಕರಗ್ತಾರೆ. ಏನಮ್ಮಾ, ನಿಮ್ಮ ಪೇಷಂಟು ಕರ್ಪೂರಾನಾ?"

ಊಟ ಯಾರಿಗೆ ಕೊಡ್ತೀರಿ ಎಂದದ್ದಕ್ಕೆ ಹೆಂಡತಿಗೆ ಸಿಟ್ಟು ಬಂದಿತ್ತು. ಒಂದು ಅಗುಳೂ ಬೇರೆಯವರ ಬಾಯಿಗೆ ಹೋಗಿಲ್ಲ, ಹಸಿವು ಅಂತ ಒದ್ದಾಡಿದರೂ ಇವರು ಪಟ್ಟಿ ಮೀರುವವರಲ್ಲ, ನೀವು ಊಟ ಏರಿಸಿದ ದಿನವೇ ಹೋಗಿ ದಪ್ಪ ಸ್ಟೀಲಿನ ದೊಡ್ಡ ಡಬ್ಬಿ ತಂದಿದ್ದೇವೆ ಎಂದಳು. ಗಂಡ ನೋಟ್‌ಬುಕ್ ಬಿಚ್ಚಿ ಮುಂದೆ ಸರಿಸಿದ. ದಿನಕ್ಕೆ ಮೂರು ಸಾಲು. ಮೇಲೆ 'ಒಟ್ಟು ತೂಕ' ಎಂದು ಗೆರೆ ಎಳೆದು ಬರೆದಿತ್ತು. ತಜ್ಞೆಯ ಪಟ್ಟಿಗೂ ಅದಕ್ಕೂ ಒಂದು ಗ್ರಾಂ ವ್ಯತ್ಯಾಸವಿರಲಿಲ್ಲ.

"ನನ್ನ ಮೇಲೆ ಏನು ಬೇಕಾದ್ರೂ ಅನುಮಾನಪಡಿ ಮೇಡಂ," ಎಂದ, "ತೂಕದ ವಿಷಯದಲ್ಲಿ ಮಾತ್ರ ಬೇಡ."

ತಜ್ಞೆ ಕೈಚೆಲ್ಲಿದಳು. ಮಧ್ಯಾಹ್ನದ ಊಟ ತಂದಿದ್ದರೆ ತನ್ನೆದುರೇ ತೂಗಿ ತಿನ್ನಿ ಎಂದಳು.

ಅವನು ಚೀಲದಿಂದ ಪುಟ್ಟ ಡಿಜಿಟಲ್ ತಕ್ಕಡಿ ತೆಗೆದು ಮೇಜಿನ ಮೇಲಿಟ್ಟ. ಅದರ ಮೇಲೆ ಊಟದ ಡಬ್ಬಿ, ಡಬ್ಬಿಯ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಚಮಚ. ಎಂಟುನೂರ ಇಪ್ಪತ್ತು ಗ್ರಾಂ ತೋರಿಸಿತು. ಲೊಚಗುಟ್ಟಿ, ಮುಚ್ಚಳ ತೆಗೆದು, ಒಂದು ಚಮಚ ಊಟವನ್ನು ಹೆಂಡತಿಯ ಡಬ್ಬಿಗೆ ದಾಟಿಸಿ, ಮತ್ತೆ ಎಲ್ಲ ಮೊದಲಿನಂತೆ ಇಟ್ಟ. ಪಟ್ಟಿಯಲ್ಲಿದ್ದಂತೆ ಸರಿಯಾಗಿ ಎಂಟುನೂರು.

ತಜ್ಞೆ ಕುರ್ಚಿ ಬಿಟ್ಟೆದ್ದಳು.

"ನೋಡಿದ್ರಾ ಮೇಡಂ?" ಎಂದ ಅವನು, ಅವಳಿಗೇ ಸಮಾಧಾನ ಹೇಳುವವನಂತೆ. "ಕೊಕ್ಕೆ, ಸರಪಳಿ ಎಲ್ಲಾ ಸೇರಿಸಿ ಲೆಕ್ಕ ಹಾಕದೆ ನಾವು ಯಾವ ಭಾರಾನೂ ಎತ್ತಲ್ಲ."