ಅಂಗೈಯ ನಡುಕ

ಜಂಬಣ್ಣನವರ ಅಂಗೈ ಮೇಲಿದ್ದ ಇಷ್ಟಲಿಂಗ ಅಲುಗಾಡುತ್ತಿತ್ತು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿತ್ತು. ಪೂಜೆಕೋಣೆಯ ಬಾಗಿಲಲ್ಲಿ ಕೈಮುಗಿದು ನಿಂತಿದ್ದ ಹೆಂಡತಿ ಜಗದಾಂಬಾ ಅವರ ಕಣ್ಣೂ ಒದ್ದೆಯಾಗಿತ್ತು. ಕ್ಯಾನ್ಸರ್ ಬಂದು ಜಠರವನ್ನೇ ತೆಗೆದುಹಾಕಿದ ಮೇಲೆ ಪೂಜೆಗೆ ಕೂತರೆ ಗಂಡ ಹೀಗೇ ಮೈಮರೆಯುತ್ತಿದ್ದರು, ಲಿಂಗದಲ್ಲಿ ಬೆಳಕು ಕಂಡೆ ಎನ್ನುತ್ತಿದ್ದರು. ದೇವರು ನಮ್ಮ ಕೈಬಿಟ್ಟಿಲ್ಲ ಎಂದು ಆಕೆ ಬಸವೇಶ್ವರನಗರದ ಅರ್ಧ ಬೀದಿಗೆ ಹೇಳಿಕೊಂಡು ಬಂದಿದ್ದರು.

ಸ್ಕೂಟರಿನ ಕೀ ಹುಡುಕುತ್ತಾ ಆ ಕಡೆ ಬಂದ ಸೊಸೆ ನಿಖಿತಾಗೆ ಮಾತ್ರ ಇದು ಭಕ್ತಿಯಾಗಿ ಕಾಣಲಿಲ್ಲ. ದಿನವೂ ಈ ಹೊತ್ತಿಗೆ ಅವಳು ಮೂಡಲಪಾಳ್ಯದ ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಿದ್ದಳು, ಇವತ್ತು ತಡವಾಗಿತ್ತು. ಮಾವನ ತುಟಿ ಬಿಳಿಚಿಕೊಂಡಿತ್ತು. ಪಂಚಾಕ್ಷರಿ ಅರ್ಧಕ್ಕೇ ತೊದಲಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

"ಅತ್ತೆ, ಇದು ಶುಗರ್ ಇಳಿದಿರೋದು. ಬಾಯಿಗೆ ಏನಾದ್ರೂ ಸಿಹಿ ಹಾಕ್ಬೇಕು."

"ಪೂಜೆ ಮುಗಿಯೋ ತನಕ ಅವರು ನೀರೂ ಮುಟ್ಟಲ್ಲ ಕಣೇ. ಸುಮ್ನಿರು."

ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ತಿನ್ನಿಸುವ ಬುದ್ಧಿ ನಿನಗೆ ಯಾರು ಕೊಟ್ಟರು ಎಂದೂ ದಬಾಯಿಸಿದರು. ಆಪರೇಷನ್ ಆದ ಮೇಲೆ ಊಟ ಒಂದು ಹಿಡಿಯಷ್ಟಾಗಿದೆ, ಮೈಯಲ್ಲಿ ಸಕ್ಕರೆ ತಾನಾಗಿಯೇ ಇಳಿದಿದೆ, ಅದಕ್ಕೇ ತಾನೆ ಡಾಕ್ಟರು ಇನ್ಸುಲಿನ್ ಅರ್ಧಕ್ಕೆ ಇಳಿಸಿದ್ದು ಎನ್ನುತ್ತಲೇ ನಿಖಿತಾ ಅಡುಗೆಮನೆಗೆ ಓಡಿದಳು. ಲೋಟದಲ್ಲಿ ಸಕ್ಕರೆ ಕದಡಿಕೊಂಡು ಬಂದರೆ ಅತ್ತೆ ಬಾಗಿಲಿಗೆ ಅಡ್ಡ. ಇಷ್ಟು ವರ್ಷದ ನೇಮ ಈ ಮನೆಯಲ್ಲಿ ನಿನ್ನಿಂದ ಕೆಡುವುದು ಬೇಡ ಎಂಬ ಹಠ. ನಿಖಿತಾಗೆ ಸಿಟ್ಟು ನೆತ್ತಿಗೇರಿತು. ಹೆದರಿಕೆ ಅದಕ್ಕಿಂತ ಹೆಚ್ಚಾಗಿತ್ತು.

ಅಷ್ಟರಲ್ಲಿ ಜಂಬಣ್ಣನವರ ಕೈ ವಾಲಿತು. ಲಿಂಗ ನೆಲಕ್ಕೆ ಬೀಳುವುದೆಂದರೆ ಆ ಮನೆಯಲ್ಲಿ ಪ್ರಾಣವೇ ಹೋದಂತೆ. ಜಗದಾಂಬಾ ಧಾವಿಸಿ ಬೊಗಸೆಯೊಡ್ಡಿದರು. ಲಿಂಗ ಬಂದು ಬೊಗಸೆಗೆ ಬಿತ್ತು, ಅದರ ಹಿಂದೆಯೇ ಗಂಡನ ಕೈಯೂ ಬಿತ್ತು. ಆ ಕೈಯಲ್ಲಿ ಒಂದಿಷ್ಟೂ ಬಿಸಿ ಇರಲಿಲ್ಲ.

"ಕುಡಿಸೇ," ಎಂದರು ಜಗದಾಂಬಾ. "ಬೇಗ ಕುಡಿಸೇ."

ನಿಖಿತಾ ಮಾವನನ್ನು ಗೋಡೆಗೆ ಒರಗಿಸಿ, ಚಮಚ ಚಮಚವಾಗಿ ಗುಟುಕಿಸಿದಳು. ನಡುವೆ ಬೆರಳು ಚುಚ್ಚಿ ನೋಡಿದರೆ, ಎಪ್ಪತ್ತಾದರೂ ಇರಬೇಕಾದ ಶುಗರನ್ನು ಮೀಟರು ನಲವತ್ತೆರಡು ತೋರಿಸಿತು. ಲೋಟ ಖಾಲಿಯಾಗುವ ಹೊತ್ತಿಗೆ ನಡುಕ ನಿಂತು, ಕಣ್ಣಿಗೆ ಗುರುತು ಹತ್ತಿತು. ಇನ್ನು ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತೆಂದು ನೆನೆದು ಜಗದಾಂಬಾ ಲಿಂಗವನ್ನು ಎದೆಗೊತ್ತಿಕೊಂಡು ಬಿಕ್ಕಿದರು.

ಬೆಳಿಗ್ಗೆ ಎಷ್ಟು ಇನ್ಸುಲಿನ್ ಚುಚ್ಚಿಕೊಂಡಿರಿ ಎಂದು ನಿಖಿತಾ ಕೇಳಿದಳು. ಮೊದಲಿನಷ್ಟೇ ಎಂದರು ಜಂಬಣ್ಣ. ಡಾಕ್ಟರು ಹೇಳಿದ್ದು ಮರೆತುಹೋಯಿತೇ ಎಂದಳು. ಇಲ್ಲವೆಂದು ತಲೆಯಾಡಿಸಿದರು.

"ಮತ್ಯಾಕೆ ಮಾವ?"

ಜಂಬಣ್ಣ ಹೆಂಡತಿಯ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿದರು.

"ಒಂದು ವಾರ ಅರ್ಧಾನೇ ತಗೊಂಡೆ ಕಣಮ್ಮ. ಆರೋಗ್ಯವಾಗೇ ಇದ್ದೆ. ಲಿಂಗದಲ್ಲಿ ಬೆಳಕು ಮಾತ್ರ ಕಾಣಲಿಲ್ಲ."