ಹಿಂದಿನಿಂದ ಬಂದ ಕೈ

ಸಿಂಧನೂರಿನ ಕೋರ್ಟ್ ವರಾಂಡದಲ್ಲಿ ಪೊಲೀಸಪ್ಪ ಹಿಂದಿನಿಂದ ಹೆಗಲು ಮುಟ್ಟಿದ್ದೇ ತಡ, ಬೀರಲಿಂಗನ ಮುಷ್ಟಿ ಮೇಲೆದ್ದಿತು.

ಜವಳಗೇರಾದ ಕಾಲುವೆ ದಂಡೆಯಲ್ಲಿ ಪಕ್ಕದ ಹೊಲದ ಆದೆಪ್ಪ ಹೀಗೇ ಹೆಗಲ ಮೇಲೆ ಕೈಯಿಟ್ಟಾಗ ಬೀರಲಿಂಗ ಸಲಿಕೆ ಬೀಸಿದ್ದ. ಇವತ್ತಿನ ಕೇಸು ಅದೇ. ಚಿಕ್ಕವನಿದ್ದಾಗ ಅದೇ ಕಾಲುವೆಯಲ್ಲಿ ಅಪ್ಪ ಹಿಂದಿನಿಂದ ಕತ್ತು ಹಿಡಿದು, ಉಸಿರುಗಟ್ಟುವವರೆಗೆ ನೀರಲ್ಲಿ ಅದ್ದುತ್ತಿದ್ದುದನ್ನು ಅವನು ಯಾರಿಗೂ ಹೇಳಿರಲಿಲ್ಲ. “ನಶಾದಾಗ ಹೊಡದೆ ಅನ್ನು, ಸಾಕು,” ಎಂದಿದ್ದರು ವಕೀಲರು.

ಬೀರಲಿಂಗ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದ. “ಹಿಂದಿಂದ ಮುಟ್ಟಬ್ಯಾಡ್ರಿ ಸಾಹೇಬ್ರ. ಯಾಕಂತ ಒಳಗ ಜಡ್ಜ್ ಮುಂದ ಹೇಳ್ತೀನಿ.”

ಎದುರಿನ ಬೆಂಚಿನಲ್ಲಿ ಆದೆಪ್ಪ ತಲೆಯೆತ್ತಿದ. ಅವನ ಹಣೆಯ ಮೇಲೆ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು.

“ನೀನೂ ಬಾ ಆದೆಪ್ಪ,” ಎಂದ ಬೀರಲಿಂಗ. “ಅವತ್ತು ನಾ ಸಲಿಕಿ ಬೀಸಿದ್ದು ನಮ್ಮಪ್ಪಗ. ಬಿದ್ದದ್ದು ನಿನಗ.”